ಆರ್ಕಿಟೆಕ್ಚರ್ ಮಕ್ಕಳಿಗೆ ಮೂರನೇ ವರ್ಷದಲ್ಲೇ ಹೇಳಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಇತ್ತೀಚೆಗೆ ವಿದೇಶಿ ಓದಿನ ಜಾಹೀರಾತುಗಳು ಜಾಸ್ತಿ ಕಾಣುತ್ತಿವೆ. ಹೋಟೆಲ್ ಹಾಲ್‌ನಲ್ಲಿ ಮೇಳ, ಸ್ಥಳದಲ್ಲೇ ಅರ್ಜಿ, ಫೀಸಿನಲ್ಲಿ ರಿಯಾಯಿತಿ. ಎಂಜಿನಿಯರಿಂಗ್, ಎಂಬಿಎ ಮಕ್ಕಳಿಗೆ ಇದರಿಂದ ಅಷ್ಟಿಷ್ಟು ಉಪಯೋಗ ಆಗಬಹುದು. ಆರ್ಕಿಟೆಕ್ಚರ್ ಓದುವವರ ಲೆಕ್ಕವೇ ಬೇರೆ. ಅದನ್ನು ಹೇಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ವಿಜಯಪುರದಲ್ಲಿ ಆರ್ಕಿಟೆಕ್ಟ್. ಬಿ.ಆರ್ಕ್ ಈ ಭಾಗದಲ್ಲೇ ಓದಿದೆ. ಮಾಸ್ಟರ್ಸ್ ಅಮೆರಿಕದಲ್ಲಿ ಮುಗಿಸಿ, ವಾಪಸ್ ಬಂದು ಊರಲ್ಲೇ ಕಚೇರಿ ಮಾಡಿಕೊಂಡಿದ್ದೇನೆ. ದಸರಾ ಮುಗಿಯಿತೆಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಹುಡುಗ ಹುಡುಗಿಯರು ಪೋರ್ಟ್‌ಫೋಲಿಯೊ, ಅಂದರೆ ತಾವು ಮಾಡಿದ ಕೆಲಸಗಳ ಆಯ್ದ ಸಂಗ್ರಹ, ತೋರಿಸಲು ಬರುತ್ತಾರೆ. ಅಮೆರಿಕದ ಹೆಚ್ಚಿನ ವಿಶ್ವವಿದ್ಯಾಲಯಗಳಿಗೆ ಡಿಸೆಂಬರ್ ಇಲ್ಲವೇ ಜನವರಿ ಒಳಗೆ ಅರ್ಜಿ ಹೋಗಬೇಕು. ಐದು ವರ್ಷ ಮಾಡಿದ ಕೆಲಸವನ್ನು ಹುಡುಕಿ, ಆರಿಸಿ, ಹೊಂದಿಸಿ, ಅದರ ಬಗ್ಗೆ ಬರೆಯಲು ಉಳಿಯುವುದು ಎರಡು ತಿಂಗಳು. ಸಾಲುವುದಿಲ್ಲ. ನಮ್ಮ ಮಕ್ಕಳು ಯಾರಿಗೂ ಕಡಿಮೆ ಇಲ್ಲ. ಅವರಿಗೆ ಯಾರೂ ಮುಂಚೆ ಹೇಳಿರುವುದಿಲ್ಲ, ಅಷ್ಟೇ.

ಅದಕ್ಕೇ ಈ ಮೂರು ಜಿಲ್ಲೆಗಳ ಕಾಲೇಜುಗಳಿಗೆ ನನ್ನ ವಿನಂತಿ ಒಂದೇ: ಹೊರದೇಶಕ್ಕೆ ಅರ್ಜಿ ಹಾಕುವುದು ಹೇಗೆ ಅನ್ನುವುದನ್ನು ಮೂರನೇ ವರ್ಷದಲ್ಲೇ ಹೇಳಿ. ಹೋಗುವುದು ಬಿಡುವುದು ಆಮೇಲಿನ ಮಾತು.

ಮೊದಲು ಪೋರ್ಟ್‌ಫೋಲಿಯೊ ವಿಷಯ. ಮಾಸ್ಟರ್ಸ್ ಪ್ರವೇಶದ ಜಿಆರ್‌ಇ ಪರೀಕ್ಷೆಯನ್ನು ಈಗ ಎಷ್ಟೋ ಕಡೆ ಕೇಳುವುದೇ ಇಲ್ಲ. ಟೋಫೆಲ್, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗಳಿಗೆ ಒಂದು ಕನಿಷ್ಠ ಅಂಕ ಇರುತ್ತದೆ, ಅದನ್ನು ದಾಟಿದರೆ ಸಾಕು. ಕೊನೆಗೆ ನೋಡುವುದು ಪೋರ್ಟ್‌ಫೋಲಿಯೊವನ್ನೇ. ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ಪುಟ. ಅದರಲ್ಲಿ ಅವರು ಹುಡುಕುವುದು ಈ ವಿದ್ಯಾರ್ಥಿ ಹೇಗೆ ಯೋಚನೆ ಮಾಡುತ್ತಾನೆ ಅನ್ನುವುದನ್ನು. ಬಟರ್ ಪೇಪರ್ ಮೇಲಿನ ಮೊದಲ ಗೀಟು, ಕೈಬಿಟ್ಟ ಪ್ಲಾನ್, ಕತ್ತರಿಸಿ ಮತ್ತೆ ಅಂಟಿಸಿದ ಮಾಡೆಲ್, ಇವೆಲ್ಲ ಅಲ್ಲಿ ಬೇಕು. ನಮ್ಮ ಮಕ್ಕಳ ಹತ್ತಿರ ಅವು ಉಳಿದಿರುವುದೇ ಇಲ್ಲ. ಕೆಲಸ ನೋಡಿ ಅಂಕ ಹಾಕುವ ಜ್ಯೂರಿ ಮುಗಿದ ಮೇಲೆ ಮಾಡೆಲ್ ಕಾಲೇಜಿನ ಸ್ಟೋರ್ ರೂಮ್ ಸೇರಿ ಗೆದ್ದಲು ಹಿಡಿಯುತ್ತದೆ. ಶೀಟುಗಳು ಜೂನಿಯರ್‌ಗಳ ಕೈಗೆ ಹೋಗುತ್ತವೆ. ಹಾರ್ಡ್ ಡಿಸ್ಕ್ ಕೆಟ್ಟಿರುತ್ತದೆ. ಜ್ಯೂರಿಯ ದಿನವೇ ಮಾಡೆಲನ್ನು ಕಿಟಕಿ ಬೆಳಕಿನಲ್ಲಿಟ್ಟು ಹತ್ತು ಫೋಟೊ ತೆಗೆದುಕೊಳ್ಳಿ ಎಂದು ಒಬ್ಬ ಮೇಷ್ಟ್ರು ಹೇಳಿದ್ದರೂ ಸಾಕಿತ್ತು.

ಕಳೆದ ವರ್ಷ ಗುಳೇದಗುಡ್ಡದ ಒಬ್ಬ ಹುಡುಗ ಬಂದಿದ್ದ. ಲ್ಯಾಪ್‌ಟಾಪ್ ತುಂಬಾ ಗಾಜಿನ ಕಟ್ಟಡಗಳು. ಒಂದು ವಿಮಾನ ನಿಲ್ದಾಣ, ಒಂದು ಐಟಿ ಪಾರ್ಕ್, ಸಂಜೆ ಬೆಳಕಿನಲ್ಲಿ ಹೊಳೆಯುವ ರೆಂಡರ್‌ಗಳು, ಅಂದರೆ ಕಂಪ್ಯೂಟರಿನಲ್ಲಿ ಮಾಡಿದ ಚಿತ್ರಗಳು. ಅಂಥವನ್ನು ಎಲ್ಲರೂ ಕಳಿಸುತ್ತಾರೆ. ಮನೆಯಲ್ಲಿ ಏನು ಮಾಡುತ್ತಾರೆ ಎಂದು ಕೇಳಿದೆ. ಅಪ್ಪ ಖಣ ನೇಯುತ್ತಾರೆ ಅಂದ. ಸ್ಕೆಚ್ ಪುಸ್ತಕ ತೆಗೆಸಿ ನೋಡಿದರೆ, ಎರಡನೇ ವರ್ಷದಲ್ಲಿ ಸುಮ್ನೆ ಪೆನ್ಸಿಲ್ಲಿನಲ್ಲಿ ಬರೆದಿದ್ದ ತನ್ನ ಮನೆಯ ಸೆಕ್ಷನ್, ಅಂದರೆ ಮನೆಯನ್ನು ಸೀಳಿ ಒಳಗು ತೋರಿಸುವ ಚಿತ್ರ, ಒಂದಿತ್ತು. ಮುಂದಿನ ಕೋಣೆಯಲ್ಲಿ ಕುಣಿ ಮಗ್ಗ. ಅಪ್ಪ ನೆಲದ ಮಟ್ಟಕ್ಕೆ ಕೂತು, ಕಾಲು ಕುಣಿಯೊಳಗೆ ಇಳಿಬಿಟ್ಟು ಮಗ್ಗ ತುಳಿಯುತ್ತಿದ್ದಾರೆ. ಮಾಳಿಗೆಯ ಬೆಳಕಿಂಡಿಯಿಂದ ಬರುವ ಬೆಳಕು ನೇರ ನೇಯ್ಗೆಯ ಮೇಲೇ ಬೀಳುತ್ತದೆ. ಒಲೆಯ ಹೊಗೆ ನೂಲಿಗೆ ತಾಗಬಾರದೆಂದು ಅಡುಗೆಮನೆಯ ಬಾಗಿಲನ್ನು ಹಿತ್ತಲ ಕಡೆ ಇಟ್ಟಿದ್ದಾರೆ. ಕುಣಿಯ ಆಳವನ್ನು ಹುಡುಗ ಅಳೆದು ಬರೆದಿದ್ದ, ಕಂಬದಿಂದ ಕಂಬಕ್ಕೆ ಎಷ್ಟು ಅಂತಲೂ ಬರೆದಿದ್ದ.

"ಇದನ್ನ ಯಾಕೆ ಹಾಕಿಲ್ಲಪ್ಪಾ?" ಅಂದೆ.

"ಇದರಾಗ ಏನೈತ್ರಿ ಮೇಡಂ, ಇದು ನಮ್ಮ ಮನಿ" ಅಂದ.

ನನಗೆ ಹೊಟ್ಟೆ ಉರಿದುಹೋಯಿತು, ಅವನ ಮೇಲಲ್ಲ. ಐದು ವರ್ಷದಲ್ಲಿ ಒಬ್ಬರಾದರೂ ಅವನಿಗೆ ಇದೇ ನಿಜವಾದ ಆರ್ಕಿಟೆಕ್ಚರ್ ಎಂದು ಹೇಳಬೇಕಿತ್ತಲ್ವಾ? ಮೈಗೆ ಎಷ್ಟು ಜಾಗ ಬೇಕು, ಕೆಲಸಕ್ಕೆ ಬೆಳಕು ಎಲ್ಲಿಂದ ಬರಬೇಕು, ಮನೆ ಮತ್ತು ದುಡಿಮೆ ಒಂದೇ ಸೂರಿನಡಿ ಹೇಗಿರಬೇಕು, ಎಲ್ಲವೂ ಆ ಒಂದು ಪುಟದಲ್ಲಿತ್ತು. ಅದನ್ನೇ ಪೋರ್ಟ್‌ಫೋಲಿಯೊದ ಮೊದಲಿಗೆ ಹಾಕಿಸಿದೆ. ಓಣಿಯ ಉಳಿದ ಮನೆಗಳನ್ನೂ ಅಳೆದಿದ್ದರೆ ಒಂದು ಪೂರ್ತಿ ಅಧ್ಯಯನವೇ ಆಗುತ್ತಿತ್ತು. ಅಷ್ಟು ಹೊತ್ತಿರಲಿಲ್ಲ. ಒಂದು ಕಡೆ ವೇಟಿಂಗ್ ಲಿಸ್ಟ್‌ವರೆಗೆ ಹೋಗಿ ನಿಂತಿತು. ಈ ಸಲ ಮತ್ತೆ ಹಾಕುತ್ತಿದ್ದಾನೆ, ಓಣಿ ಅಳೆದು ಮುಗಿಸಿದ್ದಾನೆ.

ನಮ್ಮ ಸುತ್ತ ಅಳೆಯಲು ಏನು ಕಡಿಮೆ ಇದೆ ಹೇಳಿ? ಗೋಲ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಒಳಗೆ ಒಂದೂ ಕಂಬ ಇಲ್ಲ. ಚೌಕದ ಗೋಡೆಗಳ ಮೇಲೆ ಒಂದನ್ನೊಂದು ಹಾಯುವ ಎಂಟು ಕಮಾನುಗಳು ಆ ಭಾರವನ್ನು ಹೊತ್ತಿವೆ. ಶಾಲೆಯಿಂದ ಪ್ರವಾಸ ಹೋಗಿ ಕೂಗಿ ಪ್ರತಿಧ್ವನಿ ಕೇಳಿ ಬಂದಿರುತ್ತೇವೆ. ಆ ಕಮಾನುಗಳನ್ನು ಕೂತು ಬರೆದವರು ಎಷ್ಟು ಜನ? ಆದಿಲ್‌ಶಾಹಿ ಕಾಲದಲ್ಲಿ ನೆಲದಡಿ ನೀರು ತಂದ ಕರೇಜ್ ಸುರಂಗಗಳಿವೆ, ತಾಜ್ ಬಾವಡಿ ಇದೆ. ಪಟ್ಟದಕಲ್ಲಿನಲ್ಲಿ ನಾಗರ, ದ್ರಾವಿಡ ಎರಡೂ ಶೈಲಿಯ ಗುಡಿಗಳು ಅಕ್ಕಪಕ್ಕ ನಿಂತಿವೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು, ಜನ ನವನಗರಕ್ಕೆ ಬಂದರು. ಅಳತೆ ಹಾಕಿ ಕೊಟ್ಟ ಸೈಟಿನಲ್ಲಿ ಅವರು ಪಡಸಾಲೆ, ಕಟ್ಟೆ, ದನದ ಜಾಗ ಹೇಗೆ ಹೊಂದಿಸಿಕೊಂಡರು ಅನ್ನುವುದೇ ಒಂದು ಒಳ್ಳೆಯ ಥೀಸಿಸ್. ಹಾರ್ವರ್ಡ್ ಮತ್ತು ಎಂಐಟಿಯಲ್ಲಿ ಇಸ್ಲಾಮಿಕ್ ವಾಸ್ತುಶಿಲ್ಪದ ಅಧ್ಯಯನಕ್ಕೆಂದೇ 1979ರಿಂದ ಆಗಾ ಖಾನ್ ಕಾರ್ಯಕ್ರಮ ನಡೆಯುತ್ತಿದೆ. ವಿಜಯಪುರದ ಮಕ್ಕಳಿಗೆ ಅದರ ಹೆಸರೇ ಗೊತ್ತಿಲ್ಲ.

ಎರಡನೆಯದು, ಯಾವ ಕೋರ್ಸು ಅನ್ನುವುದು. ಅಮೆರಿಕದಲ್ಲಿ ಎಂ.ಆರ್ಕ್, ಅಂದರೆ ಆರ್ಕಿಟೆಕ್ಚರ್ ಮಾಸ್ಟರ್ಸ್, ಒಂದೇ ಬಗೆಯದಲ್ಲ. ಬೇರೆ ವಿಷಯ ಓದಿ ಬಂದವರಿಗೆ ಮೂರು, ಮೂರೂವರೆ ವರ್ಷದ್ದು. ನಮ್ಮಂತೆ ಐದು ವರ್ಷ ಬಿ.ಆರ್ಕ್ ಮಾಡಿದವರಿಗೆ ಒಂದೂವರೆಯಿಂದ ಎರಡು ವರ್ಷದ್ದು ಬೇರೆ ಇದೆ. ಅಲ್ಲೇ ಲೈಸೆನ್ಸ್ ಪಡೆದು ನೆಲೆಸಬೇಕು ಅನ್ನುವವರು ಅಲ್ಲಿನ ಆರ್ಕಿಟೆಕ್ಚರ್ ಕೋರ್ಸುಗಳನ್ನು ಪರಿಶೀಲಿಸುವ ನಾಬ್ ಮಂಡಳಿಯ ಮಾನ್ಯತೆ ಇರುವ ಕೋರ್ಸನ್ನೇ ನೋಡಬೇಕು, ಅದು ಸಾಮಾನ್ಯವಾಗಿ ಉದ್ದದ್ದು. ಬಿ.ಆರ್ಕ್ ಆದವರಿಗೆ ಅದರಲ್ಲೂ ಕೆಲವು ಕಡೆ ಒಂದು ವರ್ಷದವರೆಗೆ ವಿನಾಯಿತಿ ಸಿಗುತ್ತದೆ, ಕೇಳಬೇಕು. ವಾಪಸ್ ಬರುವವರಿಗೆ ಚಿಕ್ಕದು ಸಾಕು. ಈ ವ್ಯತ್ಯಾಸ ತಿಳಿಯದ ಒಬ್ಬ ಕನ್ಸಲ್ಟೆಂಟ್ ನನಗೆ ಗೊತ್ತಿರುವ ಹುಡುಗಿಗೆ ಸುಮ್ನೆ ಮೂರು ವರ್ಷದ್ದಕ್ಕೇ ಅರ್ಜಿ ಹಾಕಿಸಿದ್ದರು. ಒಂದು ವರ್ಷದ ಫೀಸು, ಊಟ, ಬಾಡಿಗೆ ಎಂದರೆ ಎಷ್ಟು ಲಕ್ಷ ಅಂತ ಆ ಮನೆಯವರನ್ನು ಕೇಳಬೇಕು. ಸಮಯಕ್ಕೆ ಗೊತ್ತಾಗಿ ಬದಲಾಯಿಸಿದೆವು.

ಜರ್ಮನಿಯಲ್ಲಿ ಫೀಸೇ ಇಲ್ಲ ಅನ್ನುವ ಮಾತೂ ಅಷ್ಟೇ, ಅರ್ಧ ನಿಜ. ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಯುರೋಪ್ ಒಕ್ಕೂಟದ ಹೊರಗಿನ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೊ ಇದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಈಗ ಫೀಸು ತೆಗೆದುಕೊಳ್ಳುತ್ತದೆ. ಭಾರತದ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ, ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯ, ಅದಕ್ಕೂ ಸಮಯ ಹಿಡಿಯುತ್ತದೆ. ಆರ್ಕಿಟೆಕ್ಚರ್ ಕೋರ್ಸುಗಳಲ್ಲಿ ಬಹಳಷ್ಟು ಜರ್ಮನ್ ಭಾಷೆಯಲ್ಲೇ ನಡೆಯುತ್ತವೆ. ಮೂರನೇ ವರ್ಷದಲ್ಲಿ ಗೊತ್ತಾದರೆ ಭಾಷೆ ಕಲಿಯಬಹುದು. ಐದನೇ ವರ್ಷದಲ್ಲಿ ಗೊತ್ತಾದರೆ ಏನು ಮಾಡುವುದು?

ಇನ್ನು ಶಿಫಾರಸು ಪತ್ರ. ಸಾಮಾನ್ಯವಾಗಿ ಮೂರು ಬೇಕು. ವಿಶ್ವವಿದ್ಯಾಲಯದಿಂದ ನೇರವಾಗಿ ಮೇಷ್ಟ್ರ ಮೇಲ್‌ಗೆ ಲಿಂಕ್ ಬರುತ್ತದೆ. ಕಾಲೇಜಿನ ಹೆಸರಿರುವ ಮೇಲ್ ವಿಳಾಸವನ್ನೇ ಬಹಳ ಕಡೆ ಕೇಳುತ್ತಾರೆ. ನಮ್ಮಲ್ಲಿ ಎಷ್ಟೋ ಮೇಷ್ಟ್ರುಗಳಿಗೆ ಜಿಮೇಲ್ ಬಿಟ್ಟರೆ ಬೇರೆ ಇಲ್ಲ. "ನೀನೇ ಬರಕೊಂಡು ಬಾ, ಸಹಿ ಹಾಕ್ತೀನಿ" ಎನ್ನುವವರೂ ಇದ್ದಾರೆ. ಅಮೆರಿಕದ ಅರ್ಜಿಯಲ್ಲಿ, ಈ ಪತ್ರವನ್ನು ನೋಡುವ ಹಕ್ಕನ್ನು ನಾನು ಬಿಟ್ಟುಕೊಡುತ್ತೇನೆ ಎಂದು ವಿದ್ಯಾರ್ಥಿ ಒಪ್ಪಿಕೊಳ್ಳುವ ಒಂದು ಸಾಲಿರುತ್ತದೆ. ಅದಕ್ಕೆ ಒಪ್ಪಿಗೆ ಕೊಟ್ಟು ತಾನೇ ಪತ್ರ ಬರೆಯುವ ಸ್ಥಿತಿಗೆ ಮಗುವನ್ನು ದೂಡುವುದು ಸರಿಯಲ್ಲ. ಮೇಷ್ಟ್ರಿಗೆ ಮಗುವಿನ ಕೆಲಸ ಎರಡು ವರ್ಷದಿಂದ ಗೊತ್ತಿದ್ದರೆ ಪತ್ರ ತಾನಾಗಿ ಬರುತ್ತದೆ.

ಕೊನೆಗೆ ದುಡ್ಡು. ನನ್ನಪ್ಪನಿಗೆ ತಿಕೋಟಾ ಕಡೆ ದ್ರಾಕ್ಷಿ ತೋಟ ಇದೆ. ಅದನ್ನು ನಂಬಿಕೊಂಡು ಶಿಕ್ಷಣ ಸಾಲಕ್ಕೆ ಬ್ಯಾಂಕಿಗೆ ಹೋದೆವು. ಹೊಲ ನಡೆಯಲ್ಲ ಅಂದರು. ಕಾರಣ ಆಗ ಯಾರೂ ಹೇಳಲಿಲ್ಲ. ಸಾಲ ತೀರದಿದ್ದರೆ ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ, ಹಾಗಾಗಿ ಬ್ಯಾಂಕುಗಳು ಅದನ್ನು ಅಡಮಾನಕ್ಕೆ ತೆಗೆದುಕೊಳ್ಳಲು ಹಿಂದೇಟು ಹಾಕುತ್ತವೆ. ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಸಾಮಾನ್ಯವಾಗಿ ಅಡಮಾನ ಬೇಕೇ ಬೇಕು. ಆಗ ಉಳಿಯುವುದು ಊರಿನ ಮನೆ. ಅದಕ್ಕೆ ಇ-ಸ್ವತ್ತು ಆಗಿರಬೇಕು, ಅಜ್ಜನ ಹೆಸರಿನಿಂದ ಅಪ್ಪನ ಹೆಸರಿಗೆ ಬಂದಿರಬೇಕು. ಇದೆಲ್ಲ ಒಂದು ವಾರದಲ್ಲಿ ಆಗುವ ಕೆಲಸವಾ? ಪ್ರವೇಶದ ಉತ್ತರ ಮಾರ್ಚ್ ಹೊತ್ತಿಗೆ ಬರುತ್ತದೆ. ಮೊದಲ ವರ್ಷದ ಖರ್ಚಿಗೆ ಹಣ ಇದೆ ಎಂದು ತೋರಿಸದೆ, ವೀಸಾಕ್ಕಾಗಿ ಅಮೆರಿಕದ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ ಸಿಗದು, ಅದಿಲ್ಲದೆ ವೀಸಾ ಇಲ್ಲ. ಮನೆ ಕಾಗದ ಸರಿಪಡಿಸಿಕೊಳ್ಳಿ ಎಂದು ತಂದೆತಾಯಿಗೆ ಎರಡು ವರ್ಷ ಮುಂಚೆ ಹೇಳಿದರೆ ಎಷ್ಟು ಸೀಟು ಉಳಿಯುತ್ತವೆ!

ಸ್ಕಾಲರ್‌ಶಿಪ್‌ಗಳೂ ಇವೆ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ, 1892ರಿಂದ ನಡೆದುಬಂದಿರುವ ಜೆ.ಎನ್. ಟಾಟಾ ಎಂಡೋಮೆಂಟ್‌ನ ಸಾಲ ವಿದ್ಯಾರ್ಥಿವೇತನ, ಇನ್ಲಾಕ್ಸ್ ಪ್ರತಿಷ್ಠಾನದ ವಿದ್ಯಾರ್ಥಿವೇತನ, ಜರ್ಮನಿಗೆ ಹೋಗುವ ಆರ್ಕಿಟೆಕ್ಚರ್ ಪದವೀಧರರಿಗೆಂದೇ ಅಲ್ಲಿನ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿಯ ಒಂದು ವೇತನ. ಕೆಲವದರ ಅರ್ಜಿ ದಿನ ಪ್ರವೇಶದ ಉತ್ತರ ಬರುವ ಮುಂಚೆಯೇ ಮುಗಿದಿರುತ್ತದೆ.

ಕಾಲೇಜುಗಳು ಇದಕ್ಕೆ ಹೊಸ ಕಟ್ಟಡ ಕಟ್ಟಬೇಕಿಲ್ಲ, ಹೊಸ ಹುದ್ದೆಯೂ ಬೇಡ. ಮೂರನೇ ವರ್ಷದವರಿಗೆ ತಿಂಗಳಿಗೊಂದು ಮಧ್ಯಾಹ್ನ ಕೊಡಲಿ. ಎಲ್ಲ ಮೇಷ್ಟ್ರುಗಳಿಗೂ ಕಾಲೇಜಿನ ಮೇಲ್ ಮಾಡಿಕೊಡಲಿ. ಪೋಷಕರ ಸಭೆಗೆ ಬ್ಯಾಂಕಿನವರೊಬ್ಬರನ್ನು ಕರೆಸಿ, ಯಾವ ಕಾಗದ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಕನ್ನಡದಲ್ಲಿ ಹೇಳಿಸಲಿ. ಈ ವರ್ಷ ಮೂರನೇ ವರ್ಷಕ್ಕೆ ಬರುವ ಬ್ಯಾಚ್‌ನಿಂದಲೇ ಶುರು ಮಾಡಬಹುದು. ಕರೆದರೆ ನಾನು ಬರುತ್ತೇನೆ. ಬಾಗಲಕೋಟೆಯಾದರೂ ಸರಿ, ಬೆಳಗಾವಿಯಾದರೂ ಸರಿ, ಬಸ್ ಚಾರ್ಜ್ ಕೂಡ ಬೇಡ.

ಇಂತಿ,
ಒಬ್ಬ ಆರ್ಕಿಟೆಕ್ಟ್, ವಿಜಯಪುರ