ಸಂಬಳದ ಮಾತು ಬೇರೆ, ಕಲಿಯುವ ಮಾತು ಬೇರೆ

ಸಂಪಾದಕರೇ,

ಅಪ್ರೈಸಲ್, ಅಂದರೆ ವರ್ಷಕ್ಕೊಮ್ಮೆ ಕೆಲಸ ಅಳೆದು ಅಂಕ ಕೊಡುವ ಪದ್ಧತಿ, ಇದ್ದರೆ ನೌಕರರು ಹೊಸದನ್ನು ಕಲಿಯುತ್ತಾರೆ ಎಂದು ನಿಮ್ಮ ಪತ್ರಿಕೆಯಲ್ಲಿ ಓದಿದೆ. ನಗು ಬಂತು. ಹದಿನಾಲ್ಕು ವರ್ಷದಿಂದ ಆ ಫಾರ್ಮ್ ತುಂಬುತ್ತಿದ್ದೇನೆ. ಈಚಿನ ಆರು ವರ್ಷ ಮೇಜಿನ ಆ ಕಡೆ ಕೂತು ಬೇರೆಯವರ ಫಾರ್ಮನ್ನೂ ನೋಡುತ್ತಿದ್ದೇನೆ.

ಕೊನೇ ಪುಟದಲ್ಲಿ 'ಸುಧಾರಿಸಿಕೊಳ್ಳಬೇಕಾದ ವಿಷಯಗಳು' ಅಂತ ಒಂದು ಖಾಲಿ ಜಾಗ ಇರುತ್ತದೆ. ಅಲ್ಲಿ ಬಹುತೇಕ ಎಲ್ಲರೂ ಬರೆಯುವುದು 'ಟೈಮ್ ಮ್ಯಾನೇಜ್‌ಮೆಂಟ್'. ತಪ್ಪು ಒಪ್ಪಿಕೊಂಡ ಹಾಗೂ ಇರಬೇಕು, ಪೆಟ್ಟೂ ಬೀಳಬಾರದು, ಅಲ್ವಾ?

ನಾನು ಮಾತ್ರ ಒಂದು ವರ್ಷ ನಿಜ ಬರೆದೆ. ನನಗೆ ಡೇಟಾ ಅನಾಲಿಸಿಸ್ ಬರುವುದಿಲ್ಲ, ಯಾರೋ ಹಾಕಿಕೊಟ್ಟ ಫಾರ್ಮುಲಾವನ್ನೇ ಕಾಪಿ ಮಾಡಿಕೊಂಡು ದಿನ ದೂಡುತ್ತಿದ್ದೇನೆ, ಒಂದು ಕೋರ್ಸ್‌ಗೆ ಕಳಿಸಿ ಅಂತ. ಕೋರ್ಸ್ ಸಿಗಲಿಲ್ಲ. ರೇಟಿಂಗ್ 4ರಿಂದ 3ಕ್ಕೆ ಇಳಿಯಿತು, ಕಾರಣ ಬರೆಯುವ ಕಡೆ ನನ್ನ ವಾಕ್ಯವನ್ನೇ ಎತ್ತಿ ಹಾಕಿದ್ದರು. ಮರುವರ್ಷ ಜಾಣನಾಗಿ 'ಟೈಮ್ ಮ್ಯಾನೇಜ್‌ಮೆಂಟ್' ಬರೆದೆ. ಮತ್ತೆ 4 ಬಂತು.

ಹಾಗಂತ ನನ್ನ ಮ್ಯಾನೇಜರ್ ಕೆಟ್ಟವರೇನಲ್ಲ. ಒಂದೇ ಮೀಟಿಂಗ್‌ಗೆ ಎರಡು ಕೆಲಸ ಅಂಟಿಸಿದ್ದೇ ಯಡವಟ್ಟು. ಇಂಕ್ರಿಮೆಂಟ್ ಎಷ್ಟು ಅಂತ ತೀರ್ಮಾನ ಮಾಡುವವರ ಎದುರೇ ಕೂತು 'ನನಗೆ ಇದು ಬರಲ್ಲ' ಅನ್ನಬೇಕು. ಯಾರು ಅಂತಾರೆ? ಇದು ಹೊಸದಾಗಿ ಕಂಡುಹಿಡಿದ ವಿಷಯವೂ ಅಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ತನ್ನೊಳಗೇ ನಡೆಸಿದ ಅಧ್ಯಯನ 1965ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಬಂತು. ಟೀಕೆಯಿಂದ ಕೆಲಸ ಕೆಡುತ್ತದೆ, ತಿದ್ದುವುದು ದಿನದಿನವೂ ಆಗಬೇಕಾದ್ದು, ಸಂಬಳದ ಮಾತನ್ನೂ ಬೆಳವಣಿಗೆಯ ಮಾತನ್ನೂ ಬೇರೆ ಬೇರೆ ಇಡಿ ಅಂತ ಅದರಲ್ಲಿ ಆಗಲೇ ಹೇಳಿದ್ದರು. ತಮಾಷೆ ಅಂದರೆ, ಅದೇ ಕಂಪನಿ ಮುಂದೆ ಜಾಕ್ ವೆಲ್ಚ್ ಮುಖ್ಯಸ್ಥರಾಗಿದ್ದ ಕಾಲದಲ್ಲಿ ನೌಕರರನ್ನು ಮೇಲಿನ ಶೇ 20, ನಡುವಿನ ಶೇ 70, ಕೆಳಗಿನ ಶೇ 10 ಅಂತ ಭಾಗ ಮಾಡಿ ಆ ಕೆಳಗಿನವರನ್ನು ಹೊರಗೆ ಕಳಿಸುವುದಕ್ಕೆ ಹೆಸರಾಯಿತು.

ಈ ಥರ ಸಾಲು ಹಚ್ಚಿದರೆ ಏನಾಗುತ್ತದೆ ಅಂತ ಒಳಗಿದ್ದವರಿಗೇ ಗೊತ್ತು. ಪಕ್ಕದವನಿಗೆ ನಾನು ಹೇಳಿಕೊಟ್ಟರೆ ನಾಳೆ ಅವನು ಮೇಲೆ, ನಾನು ಕೆಳಗೆ. ಆಫೀಸಿನಲ್ಲಿ ನಿಜವಾದ ಕಲಿಕೆ ಆಗುವುದೇ ಪಕ್ಕದ ಕುರ್ಚಿಯವರಿಂದ, ಅದಕ್ಕೇ ಕಲ್ಲು ಬಿತ್ತು. ಮೈಕ್ರೋಸಾಫ್ಟ್ 2013ರಲ್ಲಿ ಹೀಗೆ ಸಾಲು ಹಚ್ಚುವುದನ್ನು ಕೈಬಿಟ್ಟಿತು. ಸಾಫ್ಟ್‌ವೇರ್ ಕಂಪನಿ ಅಡೋಬಿ ಅದಕ್ಕೂ ಒಂದು ವರ್ಷ ಮೊದಲೇ ವರ್ಷಕ್ಕೊಮ್ಮೆಯ ಅಪ್ರೈಸಲ್ಲನ್ನೇ ನಿಲ್ಲಿಸಿತ್ತು. ಆದರೆ ರೇಟಿಂಗ್ ತೆಗೆದರೆ ಎಲ್ಲ ಸರಿಹೋಯಿತು ಅಂತ ನಾನು ನಂಬುವುದಿಲ್ಲ. ಸಂಬಳ ಏರಿಸಲು ಯಾವುದೋ ಲೆಕ್ಕ ಬೇಕೇ ಬೇಕು, ಕಣ್ಣಿಗೆ ಕಾಣದ ಲೆಕ್ಕಕ್ಕಿಂತ ಕಾಣುವ ಲೆಕ್ಕವೇ ವಾಸಿ.

ಇನ್ನು ತರಬೇತಿ ಗಂಟೆಗಳು. ವರ್ಷಕ್ಕೆ ಇಷ್ಟು ಗಂಟೆ ಮುಗಿಸಿದರೆ ಇಷ್ಟು ಅಂಕ ಅಂತ ಫಾರ್ಮ್‌ನಲ್ಲೇ ಇರುವುದರಿಂದ, ಅಪ್ರೈಸಲ್ ತಿಂಗಳು ಬಂದರೆ ಸಾಕು, ನಮ್ಮ ಸಾಲಿನ ಅರ್ಧ ಕಂಪ್ಯೂಟರ್‌ಗಳ ಮೂಲೆಯಲ್ಲಿ ಕೋರ್ಸ್ ವಿಡಿಯೋ ಸೌಂಡ್ ಇಲ್ಲದೆ ಓಡುತ್ತಿರುತ್ತದೆ. ಸರ್ಟಿಫಿಕೇಟ್ ಬರುತ್ತದೆ. ನನ್ನ ಹತ್ತಿರವೂ ಹನ್ನೊಂದಿವೆ!

ಮೂರು ವರ್ಷದಿಂದ ನಮ್ಮ ಟೀಮ್‌ನಲ್ಲಿ ನಾನೊಂದು ಸಣ್ಣ ಬದಲಾವಣೆ ಮಾಡಿಕೊಂಡಿದ್ದೇನೆ. ಅಪ್ರೈಸಲ್‌ಗೆ ಐದಾರು ತಿಂಗಳು ಮೊದಲೇ ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಕೂರುತ್ತೇನೆ. ಫಾರ್ಮ್ ಇಲ್ಲ, ಅಂಕ ಇಲ್ಲ. ಏನು ಬರುವುದಿಲ್ಲ, ಯಾರ ಹತ್ತಿರ ಕಲಿಯಬಹುದು, ಅದಕ್ಕೆ ವಾರದಲ್ಲಿ ಯಾವ ಎರಡು ಗಂಟೆ ಬಿಡಿಸಿಕೊಡಲಿ, ಇಷ್ಟೇ ಮಾತು. ಆ ಎರಡು ಗಂಟೆ ಕೊಡದಿದ್ದರೆ ಉಳಿದದ್ದೆಲ್ಲ ಸುಮ್ನೆ. ಮೊದಲ ಸಲ ಕೂತಾಗ, ನನಗಿಂತ ಜಾಸ್ತಿ ಅನುಭವ ಇರುವ ಮೇಡಂ ಒಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಿಂಗಳ ವರದಿಯ ಎರಡನೇ ಭಾಗ ತಮಗೆ ಯಾವತ್ತೂ ಅರ್ಥವಾಗಿಲ್ಲ, ಹಾಗೇ ಫಾರ್ವರ್ಡ್ ಮಾಡುತ್ತಿದ್ದೆ ಅಂದರು. ಆಮೇಲೆ ನನ್ನ ಕೈಯಲ್ಲಿದ್ದ ಪೆನ್ನು ನೋಡಿ ಕೇಳಿದರು, "ಸರ್, ಇದನ್ನ ಎಲ್ಲೂ ಬರೆದುಕೊಳ್ಳಲ್ಲ ತಾನೆ?"

ಇತಿ,
ನಿಮ್ಮ ಓದುಗ