ಹೊರರಾಜ್ಯದ ಪಾರ್ಸೆಲ್, ಬಿಲ್ಲು ಮತ್ತು ಪಾವತಿಯಲ್ಲಿ ಆಗುವ ಬದಲಾವಣೆ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನಮ್ಮ ಸಹಕಾರ ಸಂಘದ ಸದಸ್ಯೆಯರು ತಮ್ಮ ತಮ್ಮ ಮನೆಗಳಲ್ಲೇ ತಯಾರಿಸುವ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮತ್ತು ಕಾಫಿಪುಡಿಯನ್ನು ತಾವು ಪ್ರೀತಿಯಿಂದ ತರಿಸಿಕೊಳ್ಳುತ್ತಿದ್ದೀರಿ. ಮುಂದಿನ ತಿಂಗಳ 1ನೇ ತಾರೀಖಿನಿಂದ ಬಿಲ್ಲು, ಬೆಲೆ ಮತ್ತು ಹಣ ಪಾವತಿಯ ಕ್ರಮದಲ್ಲಿ ಕೆಲವು ಬದಲಾವಣೆಗಳಾಗಲಿದ್ದು, ಅವುಗಳ ವಿವರವನ್ನೂ ಕಾರಣವನ್ನೂ ತಮಗೆ ಮುಂಚಿತವಾಗಿ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇವೆ.

ಸಂಘವು ಈಗ ಜಿಎಸ್‌ಟಿ ನೋಂದಣಿ ಪಡೆದಿದೆ. ಇದರಿಂದಾಗಿ, ಇದುವರೆಗೆ ಹಪ್ಪಳವನ್ನು ಮಾತ್ರ ಕಳುಹಿಸುತ್ತಿದ್ದ ಹೊರರಾಜ್ಯದ ವಿಳಾಸಗಳಿಗೆ ಇನ್ನು ಮುಂದೆ ಉಪ್ಪಿನಕಾಯಿ ಮತ್ತು ಕಾಫಿಪುಡಿಯನ್ನೂ ಕಳುಹಿಸಲು ಸಾಧ್ಯವಾಗುತ್ತದೆ. ಅಂಥ ಮಾರಾಟಕ್ಕೂ, ಚಿಕ್ಕಮಗಳೂರಿನ ನಮ್ಮ ಮಳಿಗೆಯಲ್ಲಿ ನಡೆಯುವ ಮಾರಾಟಕ್ಕೂ ಶೇ 5ರಷ್ಟು ತೆರಿಗೆ ಸೇರುತ್ತದೆ. ರಾಜ್ಯದೊಳಗಿರುವ ತಾವು ಸದಸ್ಯೆಯರಿಂದ ನೇರವಾಗಿ ಕೊಳ್ಳುವ ಪದಾರ್ಥಗಳ ಬೆಲೆ ಈಗಿರುವಂತೆಯೇ ಮುಂದುವರಿಯುತ್ತದೆ. ಆದರೆ ಅದರ ಹಣವನ್ನು ಬಿಲ್ಲಿನಲ್ಲಿ ಹೆಸರಿರುವ ಸದಸ್ಯೆಯ ಸ್ವಂತ ಖಾತೆಗೇ ಕಳುಹಿಸಬೇಕೆಂದು ಕೋರುತ್ತೇವೆ.

ವರ್ಷಕ್ಕೆ 40 ಲಕ್ಷ ರೂಪಾಯಿವರೆಗಿನ ವಹಿವಾಟಿಗೆ ಜಿಎಸ್‌ಟಿ ನೋಂದಣಿಯೇ ಬೇಡವಲ್ಲ, ಮನೆಯಲ್ಲಿ ಕುಳಿತು ಉಪ್ಪಿನಕಾಯಿ ಮಾರುವವರಿಗೆ ಇದೆಲ್ಲ ಏಕೆ ಎಂದು ಹಲವರು ಕೇಳಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಸರಕು ಮಾರುವವರಿಗೆ ಕರ್ನಾಟಕದಲ್ಲಿ 2019ರ ಏಪ್ರಿಲ್ 1ರಿಂದ 40 ಲಕ್ಷದ ಮಿತಿ ಇರುವುದು ನಿಜ, ಮತ್ತು ನಮ್ಮ ಯಾವ ಸದಸ್ಯೆಯ ವಹಿವಾಟೂ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಈ ವಿನಾಯಿತಿ ರಾಜ್ಯದೊಳಗಿನ ಮಾರಾಟಕ್ಕೆ ಸೀಮಿತವಾದದ್ದು. ತೆರಿಗೆ ಇರುವ ತಿನಿಸನ್ನು ರಾಜ್ಯದ ಗಡಿ ದಾಟಿಸಿ ಮಾರುವವರು, ಮಾರಿದ್ದು ಒಂದೇ ಬಾಟಲಿಯಾದರೂ, ಮೊದಲು ನೋಂದಣಿ ಮಾಡಿಸಬೇಕು. ಪುಣೆಯಲ್ಲಿ ನೆಲೆಸಿರುವ ಕೊಪ್ಪದ ಕುಟುಂಬವೊಂದು ವರ್ಷ ವರ್ಷವೂ ಮಿಡಿ ಉಪ್ಪಿನಕಾಯಿ ಕೇಳುತ್ತಿದ್ದರೂ ನಾವು ಒಪ್ಪಿಕೊಳ್ಳದೇ ಇದ್ದುದಕ್ಕೆ ಇದೊಂದೇ ಕಾರಣ. ಹಪ್ಪಳಕ್ಕೆ ಯಾವ ಹೆಸರಿನಲ್ಲಿ ಮಾರಿದರೂ ಜಿಎಸ್‌ಟಿ ಇಲ್ಲದಿರುವುದರಿಂದ ಅದನ್ನು ಕಳುಹಿಸಲು ಅಡ್ಡಿಯಿರಲಿಲ್ಲ, ಈಗಲೂ ಅದಕ್ಕೆ ತೆರಿಗೆ ಸೇರುವುದಿಲ್ಲ.

ಹಾಗಾದರೆ ಸದಸ್ಯೆಯರೇ ಒಬ್ಬೊಬ್ಬರಾಗಿ ನೋಂದಣಿ ಮಾಡಿಸಬಹುದಿತ್ತಲ್ಲ ಎಂಬ ಮಾತು ಆಡಳಿತ ಮಂಡಳಿಯ ಸಭೆಯಲ್ಲೂ ಬಂತು. ಒಮ್ಮೆ ನೋಂದಣಿಯಾದರೆ ಹೊರರಾಜ್ಯಕ್ಕೆ ಹೋದ ಬಾಟಲಿಗೆ ಮಾತ್ರವಲ್ಲ, ಪಕ್ಕದ ಮನೆಯವರು ಕೊಂಡ ಬಾಟಲಿಗೂ ತೆರಿಗೆ ಹಾಕಬೇಕಾಗುತ್ತದೆ. ಏನೂ ಮಾರಾಟವಾಗದ ಅವಧಿಗೂ ರಿಟರ್ನ್ ಸಲ್ಲಿಸಬೇಕು, ತಡವಾದರೆ ದಂಡ ಕಟ್ಟಬೇಕು. ಮಿಡಿಯ ಕಾಲದಲ್ಲಿ ಎರಡು ತಿಂಗಳು ದುಡಿದು ವರ್ಷವಿಡೀ ಅಷ್ಟಿಷ್ಟು ಮಾರುವವರ ಮೇಲೆ ಈ ಹೊರೆ ಹೊರಿಸುವುದು ನ್ಯಾಯವಲ್ಲ ಎಂದು ನಮಗೆ ತೋರಿತು. ಶೇ 1ರಷ್ಟು ಮಾತ್ರ ತೆರಿಗೆ ಕಟ್ಟುವ ಕಾಂಪೊಸಿಷನ್ ಪದ್ಧತಿಯನ್ನೂ ಪರಿಶೀಲಿಸಿದೆವು, ಆದರೆ ಅದನ್ನು ಆಯ್ದುಕೊಂಡವರು ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ಆದ್ದರಿಂದ ಸಂಘವೇ ನೋಂದಣಿ ಪಡೆದು, ಸದಸ್ಯೆಯರಿಂದ ಕೊಂಡು, ತನ್ನ ಹೆಸರಿನಲ್ಲಿ ಮಾರುವ ಕ್ರಮವನ್ನು ಒಪ್ಪಿಕೊಂಡೆವು. ಸಂಘದ ಮಳಿಗೆಯ ಉಪ್ಪಿನಕಾಯಿ ಮತ್ತು ಕಾಫಿಪುಡಿಗೂ ತೆರಿಗೆ ಸೇರುವುದು ಈ ಕ್ರಮದ ಅನಿವಾರ್ಯ ಪರಿಣಾಮ.

ಬೆಲೆಯಲ್ಲಿ ಆಗುವ ವ್ಯತ್ಯಾಸ ಹೀಗಿದೆ. 300 ರೂಪಾಯಿಯ ಉಪ್ಪಿನಕಾಯಿ ಬಾಟಲಿಗೆ ಮಳಿಗೆಯಲ್ಲಿ 315 ರೂಪಾಯಿ ಆಗುತ್ತದೆ. ಅದೇ ಬಾಟಲಿಯನ್ನು ಮುಂಬೈಗೋ ಚೆನ್ನೈಗೋ ಕಳುಹಿಸುವಾಗ ಪಾರ್ಸೆಲ್ ವೆಚ್ಚವೂ ಮಾರಾಟದ ಮೌಲ್ಯಕ್ಕೆ ಸೇರುವುದರಿಂದ, ವೆಚ್ಚ 60 ರೂಪಾಯಿ ಎಂದು ಹಿಡಿದರೆ, 360 ರೂಪಾಯಿಯ ಮೇಲೆ 18 ರೂಪಾಯಿ ತೆರಿಗೆ ಬಂದು ಒಟ್ಟು 378 ಆಗುತ್ತದೆ. ಉಪ್ಪಿನಕಾಯಿಯ ಮೇಲೆ ಶೇ 12 ಇದ್ದ ದರ 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿರುವುದು ನಾವು ಈ ನಿರ್ಧಾರ ಕೈಗೊಳ್ಳಲು ಮುಖ್ಯ ಕಾರಣಗಳಲ್ಲೊಂದು. ಹಳೆಯ ದರವೇ ಇದ್ದಿದ್ದರೆ ತಮ್ಮ ಮೇಲೆ ಬೀಳುವ ಭಾರವನ್ನು ಯೋಚಿಸಿ ಹಿಂಜರಿಯುತ್ತಿದ್ದೆವು. ಹುರಿದು ಪುಡಿ ಮಾಡಿದ ಕಾಫಿಗೆ ಮೊದಲೂ ಶೇ 5 ಇತ್ತು, ಈಗಲೂ ಅಷ್ಟೇ.

ಬಿಲ್ಲನ್ನು ಬೆಂಗಳೂರಿನ ನೆಂಟರ ಹೆಸರಿಗೆ ಬರೆದು ಪಾರ್ಸೆಲ್ ಮಾತ್ರ ಹೈದರಾಬಾದಿಗೆ ಕಳುಹಿಸಿ ಎಂದು ದಯವಿಟ್ಟು ಯಾರೂ ಕೇಳಬಾರದು. ಕೆಲವೇ ರೂಪಾಯಿ ಉಳಿಸಲು ಹೋಗಿ, ತಯಾರಿಸಿದ ಹೆಣ್ಣುಮಗಳು ಮುಂದೆ ಉತ್ತರ ಹೇಳಬೇಕಾದ ಪರಿಸ್ಥಿತಿಗೆ ನಾವು ಅವಕಾಶ ಕೊಡುವುದಿಲ್ಲ. ಹಾಗೆಯೇ, ನೋಂದಣಿ ಇಲ್ಲದವರು ತೆರಿಗೆ ವಸೂಲಿ ಮಾಡುವಂತಿಲ್ಲವಾದ್ದರಿಂದ, ಸದಸ್ಯೆಯೊಬ್ಬರು ನೇರವಾಗಿ ಕೊಟ್ಟ ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಸೇರಿಸಿದ್ದು ಕಂಡರೆ ಹಣ ಕೊಡುವ ಮೊದಲು ಸಂಘದ ಕಚೇರಿಗೆ ತಿಳಿಸಿ.

ಇನ್ನು ಪಾವತಿಯ ವಿಚಾರ. 2025ರ ಜುಲೈನಲ್ಲಿ, ಯುಪಿಐ ಮೂಲಕ ಬಂದ ಹಣದ ಲೆಕ್ಕವನ್ನು ಆಧರಿಸಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯುಆರ್ ಕೋಡ್ ತೆಗೆದು ನಗದು ಮಾತ್ರ ಎಂದು ಬರೆದು ಅಂಟಿಸಿದ್ದನ್ನು ತಾವೂ ಓದಿರುತ್ತೀರಿ. ಆ ಭಯ ನಮ್ಮ ಸದಸ್ಯೆಯರಿಗೂ ತಟ್ಟಿತು. ಆದರೂ ನಗದಿಗೆ ಮರಳುವುದು ಬೇಡವೆಂದೇ ನಾವು ತೀರ್ಮಾನಿಸಿದೆವು, ಏಕೆಂದರೆ ಕಾನೂನಿನ ಕಣ್ಣಿನಲ್ಲಿ ನಗದಾಗಿ ಬಂದದ್ದೂ ಯುಪಿಐ ಮೂಲಕ ಬಂದದ್ದೂ ಒಂದೇ ವಹಿವಾಟು. ಲೆಕ್ಕ ನೇರವಾಗಿರುವವರಿಗೆ ಬ್ಯಾಂಕಿನ ದಾಖಲೆಯೇ ಆಧಾರವಾಗಿ ನಿಲ್ಲುತ್ತದೆ. ತೊಂದರೆ ಇರುವುದು ಹಣ ಬೆರೆತುಹೋಗುವುದರಲ್ಲಿ. ಬಾಳೆಹೊನ್ನೂರಿನ ಕಡೆಯ ನಮ್ಮ ಸದಸ್ಯೆಯೊಬ್ಬರು ನೋಟ್‌ಬುಕ್ಕಿನ ಎಡಪುಟದಲ್ಲಿ ಮಿಡಿ, ಕಲ್ಲುಪ್ಪು, ಸಾಸಿವೆ, ಬ್ಯಾಡಗಿ ಮೆಣಸಿನಕಾಯಿ, ಬಾಟಲಿ ಎಂದು ಖರ್ಚನ್ನೂ, ಬಲಪುಟದಲ್ಲಿ ತಾರೀಖು, ಕೊಂಡವರ ಹೆಸರು, ಬಾಟಲಿಗಳ ಲೆಕ್ಕ, ಬಂದ ಹಣವನ್ನೂ ಅಚ್ಚುಕಟ್ಟಾಗಿ ಬರೆದಿಡುತ್ತಾರೆ. ಆದರೆ ಗ್ರಾಹಕರು ಕಳುಹಿಸಿದ ಹಣ ಹೋಗುತ್ತಿದ್ದುದು ಅವರ ಯಜಮಾನರ ಖಾತೆಗೆ. ಅಡಿಕೆ ಮಂಡಿಯಿಂದ ಬಂದ ದುಡ್ಡು, ಮಗ ಮನೆಗೆ ಕಳುಹಿಸಿದ ದುಡ್ಡು, ಉಪ್ಪಿನಕಾಯಿಯ ದುಡ್ಡು ಎಲ್ಲವೂ ಅದೇ ಖಾತೆಯಲ್ಲಿ ಒಂದರ ಕೆಳಗೊಂದು ಇರುವಾಗ, ಯಾವುದು ಯಾರ ವ್ಯಾಪಾರದ್ದು ಎಂದು ಹೊರಗಿನ ಅಧಿಕಾರಿಗೆ ಹೇಗೆ ತಿಳಿಯಬೇಕು? ಅಷ್ಟು ಚೆಂದದ ಲೆಕ್ಕವಿದ್ದೂ ಬ್ಯಾಂಕಿನ ಕಾಗದದಲ್ಲಿ ಆ ವ್ಯಾಪಾರ ಅವರದ್ದೆಂದು ಕಾಣುತ್ತಲೇ ಇರಲಿಲ್ಲ. ಈಗ ಎಲ್ಲ ಸದಸ್ಯೆಯರೂ ತಮ್ಮ ಹೆಸರಿನಲ್ಲೇ ವ್ಯಾಪಾರಕ್ಕೆಂದು ಪ್ರತ್ಯೇಕ ಖಾತೆ ತೆರೆದಿದ್ದಾರೆ. ಹಳೆಯ ಮೊಬೈಲ್ ಸಂಖ್ಯೆಗಳನ್ನು ತಮ್ಮ ಫೋನಿನಿಂದ ತೆಗೆದು, ಬಿಲ್ಲಿನ ಮೇಲಿರುವ ಕ್ಯುಆರ್ ಕೋಡನ್ನೇ ಬಳಸಿ.

ವಹಿವಾಟನ್ನು ಪ್ಯಾನ್ ಸಂಖ್ಯೆಯ ಮೇಲೆ ಲೆಕ್ಕ ಹಾಕುತ್ತಾರೆಯೇ ಹೊರತು ಖಾತೆ ಅಥವಾ ಫೋನಿನ ಮೇಲಲ್ಲ. ಒಬ್ಬರದೇ ಪ್ಯಾನ್‌ನಲ್ಲಿ ಎರಡು ವ್ಯಾಪಾರಗಳಿದ್ದರೆ ಎರಡೂ ಕೂಡುತ್ತವೆ, ತೆರಿಗೆ ಇಲ್ಲದ ಹಪ್ಪಳದ ಮಾರಾಟವೂ ಮೊತ್ತಕ್ಕೆ ಸೇರುತ್ತದೆ. ನಮ್ಮ ಜಿಲ್ಲೆಯಲ್ಲಿ ಹೆಚ್ಚು ಎಚ್ಚರ ಬೇಕಾದ ಕಡೆ ಹೋಂಸ್ಟೇ: ಸರಕಿನ ಜೊತೆಗೆ ಅತಿಥಿಗಳಿಗೆ ಕೊಠಡಿಯನ್ನೂ ಕೊಡುವವರಿಗೆ 40 ಲಕ್ಷದ ಮಿತಿ ಅನ್ವಯಿಸದೆ 20 ಲಕ್ಷದ ಮಿತಿ ಅನ್ವಯಿಸುತ್ತದೆ. ಹೋಂಸ್ಟೇಯಲ್ಲಿ ಉಳಿದುಕೊಂಡು ಉಪ್ಪಿನಕಾಯಿಯನ್ನೂ ಕೊಂಡಾಗ ಎರಡಕ್ಕೂ ಬೇರೆ ಬೇರೆ ಬಿಲ್ಲು ಕೇಳಿ ಪಡೆಯಿರಿ.

ನಾವು ಕೊಡುವ ಹಣದಲ್ಲಿ ಆದಾಯ ತೆರಿಗೆಯೇ ಹೊರಟುಹೋಗುತ್ತದೆಯೋ ಎಂದು ಕಾಳಜಿಯಿಂದ ಕೇಳಿದವರಿಗೂ ಇಲ್ಲೇ ಉತ್ತರಿಸುತ್ತೇವೆ. ಬಂದ ಹಣವೆಲ್ಲ ಆದಾಯವಲ್ಲ. ಸಣ್ಣ ವ್ಯಾಪಾರಿಗಳಿಗೆ ಇರುವ ಅಂದಾಜು ಆದಾಯದ ಪದ್ಧತಿಯಲ್ಲಿ, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಮೊತ್ತದ ಕನಿಷ್ಠ ಶೇ 6ನ್ನೂ, ನಗದಾಗಿ ಬಂದದ್ದರ ಕನಿಷ್ಠ ಶೇ 8ನ್ನೂ ಲಾಭವೆಂದು ತೋರಿಸಬೇಕು. ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನದನ್ನೇ ತೋರಿಸಬೇಕು. ವರ್ಷಕ್ಕೆ 3 ಲಕ್ಷ ರೂಪಾಯಿಯ ಉಪ್ಪಿನಕಾಯಿಯನ್ನು ಯುಪಿಐ ಮೂಲಕವೇ ಮಾರಿದವರಿಗೆ ಆ ಕನಿಷ್ಠ ಮೊತ್ತ 18,000 ರೂಪಾಯಿ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ನೇ ಸಾಲಿನಿಂದ 4 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ, 12 ಲಕ್ಷದವರೆಗೆ ರಿಯಾಯಿತಿಯಿಂದ ತೆರಿಗೆ ಸೊನ್ನೆಯಾಗುತ್ತದೆ. ಆದರೆ ಒಟ್ಟು ಆದಾಯ 4 ಲಕ್ಷ ದಾಟಿದವರು ತೆರಿಗೆ ಸೊನ್ನೆಯಾದರೂ ರಿಟರ್ನ್ ಸಲ್ಲಿಸಲೇಬೇಕು, ಮತ್ತು ಈ ವ್ಯತ್ಯಾಸ ತಿಳಿಯದೆ ಎಡವುವವರು ಬಹಳ ಮಂದಿ.

ಕಾಫಿಯ ಲೆಕ್ಕ ಮಾತ್ರ ಬೇರೆ. ಸ್ವಂತ ತೋಟದಲ್ಲಿ ಬೆಳೆದ ಕಾಫಿಯನ್ನು ತಾವೇ ಸಂಸ್ಕರಿಸಿ, ಹುರಿದು, ಪುಡಿ ಮಾಡಿ ಮಾರುವವರಿಗೆ, ಚಿಕೋರಿ ಬೆರೆಸಿದರೂ ಬೆರೆಸದಿದ್ದರೂ, ಅದರ ಆದಾಯದ ಶೇ 40 ಭಾಗವನ್ನು ವ್ಯಾಪಾರದ ಆದಾಯವೆಂದೂ ಉಳಿದದ್ದನ್ನು ಕೃಷಿ ಆದಾಯವೆಂದೂ ಪರಿಗಣಿಸಲಾಗುತ್ತದೆ. ತೋಟದಿಂದ ಬಂದದ್ದೆಲ್ಲ ಕೃಷಿ ಆದಾಯವೇ ಎಂದು ನಂಬಿರುವ ಸಣ್ಣ ಬೆಳೆಗಾರರು ನಮ್ಮಲ್ಲಿ ಇದ್ದುದರಿಂದ, ಪುಡಿ ಮಾರಾಟಕ್ಕೆ ಪ್ರತ್ಯೇಕ ಬಿಲ್ ಪುಸ್ತಕ ಇಡುವಂತೆ ಅವರಿಗೆ ತಿಳಿಸಿದ್ದೇವೆ. ಆದ್ದರಿಂದ ಒಂದೇ ಮನೆಯಿಂದ ತಮಗೆ ಎರಡು ಬಿಲ್ಲುಗಳು ಬರಬಹುದು.

ಈಗಾಗಲೇ ಹಣ ಕೊಟ್ಟು ಕಾದಿರಿಸಿರುವ ಪದಾರ್ಥಗಳನ್ನು ಈ ತಿಂಗಳೊಳಗೆ ಹಳೆಯ ಬೆಲೆಗೇ ತಲುಪಿಸುತ್ತೇವೆ. ಹೊರರಾಜ್ಯದ ಗ್ರಾಹಕರು ಉಪ್ಪಿನಕಾಯಿ ಮತ್ತು ಕಾಫಿಪುಡಿಯ ಬೇಡಿಕೆಯನ್ನು ಸದಸ್ಯೆಯರಿಗೆ ತಿಳಿಸದೆ ಸಂಘದ ಕಚೇರಿಗೇ ತಿಳಿಸಬೇಕು. ಪೂರ್ಣ ವಿಳಾಸವನ್ನು ಪಿನ್ ಕೋಡ್ ಸಹಿತ ಕೊಟ್ಟರೆ ಬಿಲ್ಲು ತಯಾರಿಸಲು ಅನುಕೂಲ. ಯಾರ ಕೈಯ ಉಪ್ಪಿನಕಾಯಿ ಬೇಕೆಂಬುದನ್ನು ಎಂದಿನಂತೆ ಹೆಸರಿಸಿ ಕೇಳಬಹುದು. ಬಿಲ್ಲು ಸಂಘದ್ದಾದರೂ ಬಾಟಲಿಯ ಮೇಲೆ ತಯಾರಿಸಿದವರ ಹೆಸರು ಇದ್ದೇ ಇರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)
ಚಿಕ್ಕಮಗಳೂರು