ಆಕಾಶದ ಚಿತ್ರದ ಕೆಳಗೆ ಎರಡು ಸಾಲು ವಿವರವೂ ಇರಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಜೇಮ್ಸ್ ವೆಬ್ ಟೆಲಿಸ್ಕೋಪ್ ತೆಗೆದ ಗ್ಯಾಲಕ್ಸಿಯ ದೊಡ್ಡ ಚಿತ್ರ ಹಾಕಿದ್ದಿರಿ, ಖುಷಿಯಾಯಿತು. ಆದರೆ ಕೆಳಗೆ ‘ಬಾನಂಗಳದ ಅದ್ಭುತ’ ಅಂತ ಎರಡೇ ಪದ. ಏಳನೇ ಕ್ಲಾಸಿನ ನನ್ನ ಮಗಳು ಅದನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡು, ‘ಅಪ್ಪ, ಅದು ನಿಜವಾಗ್ಲೂ ಇಷ್ಟು ಕೆಂಪಗಿದೆಯಾ?’ ಅಂತ ಕೇಳಿದಳು.

ಇಲ್ಲ. ವೆಬ್ ಹಿಡಿಯುವುದು ಹೆಚ್ಚಾಗಿ ಅವಕೆಂಪು, ಅಂದರೆ ಇನ್‌ಫ್ರಾರೆಡ್ ಬೆಳಕನ್ನು. ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ವಿಜ್ಞಾನಿಗಳು ಕಾಣುವ ಬಣ್ಣ ಕೊಟ್ಟಿರುತ್ತಾರೆ. ಇಷ್ಟನ್ನಾದರೂ ಬರೆಯಬೇಕಿತ್ತು ಅಲ್ವಾ?

ಕಾಣದ ಬೆಳಕಿನ ಹಿಂದೆ ಯಾಕೆ ಬೀಳಬೇಕು ಅನ್ನೋದನ್ನು ಅವಳಿಗೆ ಅಡುಗೆಮನೆಯಲ್ಲೇ ತೋರಿಸಿದೆ. ರಾತ್ರಿ ದೋಸೆ ಹುಯ್ದಾದ ಮೇಲೆ ಗ್ಯಾಸ್ ಆರಿಸಿ, ಲೈಟೂ ಆರಿಸಿದೆವು. ಕಾವಲಿ ಕಾಣಲಿಲ್ಲ, ಆದರೆ ಪಕ್ಕದಲ್ಲಿ ಒಂದು ಗೇಣು ದೂರ ಅಂಗೈ ಹಿಡಿದರೆ ಬಿಸಿ ತಾಗುತ್ತಿತ್ತು. ಆ ಬಿಸಿ ಕೈಗೆ ಬಂದಿದ್ದು ಹೆಚ್ಚಾಗಿ ಅವಕೆಂಪು ಬೆಳಕಾಗಿಯೇ. ದೂರದ ಗ್ಯಾಲಕ್ಸಿಗಳಲ್ಲೂ ಹೀಗೇ. ಹೊಸ ನಕ್ಷತ್ರಗಳು ಹುಟ್ಟೋದು ದಟ್ಟ ಅನಿಲ, ಧೂಳಿನ ಮೋಡದೊಳಗೆ. ಧೂಳು ಅಂದರೆ ರಸ್ತೆ ಧೂಳಿನಷ್ಟು ದಪ್ಪ ಅಲ್ಲ, ಹೊಗೆಯ ಕಣದಷ್ಟು ಸಣ್ಣದು. ಎಳೆಯ ನಕ್ಷತ್ರಗಳ ಅತಿನೇರಳೆ, ಅಂದರೆ ಅಲ್ಟ್ರಾವಯಲೆಟ್ ಬೆಳಕನ್ನು ಅದು ನುಂಗಿ, ಸ್ವಲ್ಪ ಬೆಚ್ಚಗಾಗಿ, ಅವಕೆಂಪು ಬೆಳಕಾಗಿ ಹೊರಗೆ ಬಿಡುತ್ತದೆ. ಬೆಚ್ಚಗೆ ಅಂದರೂ ಅದರಲ್ಲಿ ಬಹುಪಾಲು ಧೂಳು ಸೊನ್ನೆಗಿಂತ 200 ಡಿಗ್ರಿಗೂ ಕೆಳಗೇ ಇರುತ್ತದೆ! ಆ ಬೆಳಕನ್ನು ಅಳೆದರೆ ಒಳಗೆ ಎಷ್ಟು ನಕ್ಷತ್ರ ಹುಟ್ಟುತ್ತಿವೆ ಅನ್ನೋ ಲೆಕ್ಕ ಸಿಗುತ್ತದೆ.

ಆರ್ಪ್ 220 ಅಂತ ಒಂದಿದೆ, ಸುಮಾರು 25 ಕೋಟಿ ಬೆಳಕಿನ ವರ್ಷ ದೂರ. ಎರಡು ಗ್ಯಾಲಕ್ಸಿಗಳು ಡಿಕ್ಕಿ ಹೊಡೆದು ಒಂದಾಗುತ್ತಿರುವ ಜಾಗ. ಮಾಮೂಲಿ ಟೆಲಿಸ್ಕೋಪಿನಲ್ಲಿ ಮಸುಕು ಚುಕ್ಕೆ. 1983ರಲ್ಲಿ ಹಾರಿದ ಐರಾಸ್ ಉಪಗ್ರಹ ಅವಕೆಂಪಿನಲ್ಲಿ ನೋಡಿದಾಗ, ಅದು ಲಕ್ಷ ಕೋಟಿ ಸೂರ್ಯರನ್ನೂ ಮೀರಿಸುವಷ್ಟು ಬೆಳಗುತ್ತಿದೆ ಅಂತ ಗೊತ್ತಾಯಿತು. ಆಮೇಲೆ 2009ರಿಂದ 2013ರವರೆಗೆ ಹರ್ಷೆಲ್ ಟೆಲಿಸ್ಕೋಪು ಇನ್ನೂ ಎಷ್ಟೋ ದೂರದ ಧೂಳು ತುಂಬಿದ ಗ್ಯಾಲಕ್ಸಿಗಳನ್ನು ಹೀಗೇ ನೋಡಿತು. ಕಣ್ಣಿಗೆ ಕಾಣುವ ಬೆಳಕನ್ನೇ ನಂಬಿಕೊಂಡಿದ್ದರೆ ನಕ್ಷತ್ರಗಳ ಹುಟ್ಟಿನ ದೊಡ್ಡ ಪಾಲು ನಮ್ಮ ಲೆಕ್ಕಕ್ಕೇ ಬರುತ್ತಿರಲಿಲ್ಲ. ಮಗಳಿಗೆ ಇದನ್ನು ಹೇಳಿದಾಗ ಅವಳು ಊಟ ಬಿಟ್ಟು ಕೇಳಿದಳು. ಸುಮ್ನೆ ‘ಅದ್ಭುತ’ ಅಂದಿದ್ದರೆ ಪುಟ ತಿರುಗಿಸಿಬಿಡುತ್ತಿದ್ದಳು.

ಇದು ಬೆಂಗಳೂರು. ಕೋರಮಂಗಲದಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಇದೆ, ಹೈಗ್ರೌಂಡ್ಸ್‌ನಲ್ಲಿ ನೆಹರೂ ತಾರಾಲಯ ಇದೆ. ಒಂದು ಫೋನ್ ಮಾಡಿದರೆ ಕನ್ನಡದಲ್ಲೇ ವಿವರಿಸುವವರು ಸಿಗುತ್ತಾರೆ. ಯಾವ ಟೆಲಿಸ್ಕೋಪ್, ಯಾವ ಬೆಳಕು, ಎಷ್ಟು ದೂರ, ಇಷ್ಟನ್ನು ಮುಂದಿನ ಸಲ ಕೆಳಗೆ ಹಾಕಿ. ಅದಕ್ಕಾಗಿ ಚಿತ್ರ ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ.

— ಒಬ್ಬ ಓದುಗ, ಬಸವನಗುಡಿ, ಬೆಂಗಳೂರು